ನಿದ್ದೆಯಲ್ಲಿ ನಡೆಯುವ ಮನೆತನದ ಕಥೆ ಬರೆದು, ಅಚ್ಚು ಹಾಕಿಸಿದ್ದು

ನನ್ನ ಪತ್ತೇದಾರಿ ಕಾದಂಬರಿ ಕೊನೆಗೂ ಅಚ್ಚಾಗಿ ಬಂತು. ಧಾರವಾಡದಲ್ಲಿ ನಿಂತು ಕಲ್ಲು ಎಸೆದರೆ ಅದು ಸಾಹಿತಿಯ ಮನೆ ಮೇಲೆ ಬೀಳುತ್ತದೆ ಎನ್ನುವ ಮಾತಿದೆ. ಇಷ್ಟು ಜನ ಸಾಹಿತಿಗಳ ನಡುವೆ ಇದ್ದರೂ, ಹಸ್ತಪ್ರತಿಯಿಂದ ಅಂಗಡಿಯ ಕಪಾಟಿನ ತನಕ ಏನೇನು ಆಗುತ್ತದೆ ಎಂದು ಪೂರ್ತಿ ಹೇಳುವವರು ನನಗೆ ಸಿಗಲಿಲ್ಲ. ಒಬ್ಬರು ಐಎಸ್‌ಬಿಎನ್, ಅಂದರೆ ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ, ಬೇಕೇ ಬೇಕು ಅಂದರು. ಇನ್ನೊಬ್ಬರು ಅದೆಲ್ಲ ಸುಮ್ನೆ ಖರ್ಚು ಅಂದರು (ಅದಕ್ಕೆ ಖರ್ಚೇ ಇಲ್ಲ ಅಂತ ಆಮೇಲೆ ಗೊತ್ತಾಯಿತು). ಹಾಗಾಗಿ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಕಾಯಿಲೆಯೊಂದನ್ನು ಕಥೆಯೊಳಗೆ ತರಬೇಕು ಅಂದುಕೊಂಡವರಿಗೆ ಇದು ಜಾಸ್ತಿ ಉಪಯೋಗ ಆಗಬಹುದು.

ಕಥೆ ಗದಗ-ಬೆಟಗೇರಿಯ ಒಂದು ನೇಕಾರ ಮನೆತನದ್ದು. ಮೂರು ತಲೆಮಾರಿನಿಂದ ಆ ಮನೆಯ ಗಂಡಸರು ನಿದ್ದೆಯಲ್ಲಿ ಎದ್ದು ನಡೆಯುತ್ತಾರೆ. 2019ರ ಒಂದು ಬೆಳಗಿನ ಜಾವ ಕಿರಿಯ ಮಗ ಹಿತ್ತಲ ಬಾವಿಯಲ್ಲಿ ಸತ್ತು ಬಿದ್ದಿರುತ್ತಾನೆ. ಹಿರಿಯ ಮಗನ ಕೈ ತುಂಬ ತರಚಿದ ಗಾಯ. ನಿದ್ದೆಗಣ್ಣಿನಲ್ಲಿ ನಾನೇ ನೂಕಿರಬೇಕು ಎಂದು ಅವನೇ ನಂಬಿಬಿಡುತ್ತಾನೆ. ಮನೆಯವರೂ ನಂಬುತ್ತಾರೆ. ಓಣಿಯ ಜನ ಅವರಿಗಿಂತ ಮೊದಲೇ ನಂಬಿರುತ್ತಾರೆ. ಇನ್ನುಳಿದದ್ದು ಪತ್ತೇದಾರಿ.

ಇದರ ಬೀಜ ನಮ್ಮ ಮನೆಯದೇ. ಹಾವೇರಿ ಹತ್ತಿರದ ನಮ್ಮ ಊರಲ್ಲಿ ಅಜ್ಜ ರಾತ್ರಿ ಎದ್ದು, ಅಗಳಿ ತೆಗೆದು, ಕೊಟ್ಟಿಗೆಗೆ ಹೋಗಿ ಎತ್ತಿನ ಕಣ್ಣಿ ಬಿಚ್ಚಿ ಬಂದು ಮಲಗುತ್ತಿದ್ದರಂತೆ. ಬೆಳಿಗ್ಗೆ ಕೇಳಿದರೆ ಏನೂ ನೆನಪಿಲ್ಲ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದ್ದರು. ಈ ಕಥೆಯನ್ನು ನಾವೆಲ್ಲ ನಗುತ್ತಲೇ ಕೇಳಿ ಬೆಳೆದವರು.

ಬರೆಯಲು ಜಾಗ ಅಂತ ಏನೂ ಇರಲಿಲ್ಲ. ನನ್ನ ಕೆಲಸ ಹುಬ್ಬಳ್ಳಿಯಲ್ಲಿ, ಮನೆ ಧಾರವಾಡದಲ್ಲಿ. ಚಿಗರಿ ಬಸ್ಸಿನಲ್ಲಿ ಸೀಟು ಸಿಕ್ಕ ದಿನ ಮೊಬೈಲಿನಲ್ಲಿ ಬರೆದೆ, ಸಿಗದ ದಿನ ಯೋಚನೆ ಮಾಡಿದೆ. ಮೊದಲ ಕರಡು ಹಾಗೇ ಆಯಿತು.

ಬರೆಯುವ ಮೊದಲೇ ಒಂದು ಕೆಲಸ ಮಾಡಿದ್ದೆ. ಪರಿಚಯದ ನರರೋಗ ತಜ್ಞರ ಹತ್ತಿರ ಹೋಗಿ, ನನ್ನ ಕಥೆ ಹೀಗಿದೆ, ಇದು ಆಗುತ್ತಾ ಎಂದು ಕೇಳಿದ್ದೆ. ಅವರು ವಾಪಸ್ ಒಂದೇ ಪ್ರಶ್ನೆ ಕೇಳಿದರು. "ನಿಮ್ಮ ಮನುಷ್ಯ ಏಳೋದು ಎಷ್ಟು ಗಂಟೆಗೆ?" ಕಾದಂಬರಿಯ ಗಂಟು ಬಿದ್ದದ್ದು ಆ ಪ್ರಶ್ನೆಯಲ್ಲೇ.

ಅವರು ಬಿಡಿಸಿ ಹೇಳಿದ್ದು ಹೀಗೆ. ನಿದ್ದೆಯಲ್ಲಿ ನಡೆಯುವುದು ಆಳ ನಿದ್ದೆಯಲ್ಲಿ ಆಗುವಂಥದ್ದು. ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲೇ ಇದು ಜಾಸ್ತಿ. ಕಣ್ಣು ತೆರೆದಿರುತ್ತದೆ, ಬಾಗಿಲು ತೆಗೆಯುತ್ತಾರೆ, ಕರೆದರೆ ಏನೋ ಅರೆಬರೆ ಉತ್ತರವನ್ನೂ ಕೊಡುತ್ತಾರೆ. ಬೆಳಿಗ್ಗೆ ಬಹಳಷ್ಟು ಜನರಿಗೆ ಏನೂ ನೆನಪಿರುವುದಿಲ್ಲ. ಮಕ್ಕಳಲ್ಲಿ ಹೆಚ್ಚು, ಬೆಳೆದಂತೆ ಕಡಿಮೆ ಆಗುತ್ತದೆ. ಮನೆತನದಲ್ಲಿ ಬರುವುದೂ ನಿಜ: ತಂದೆ ತಾಯಿ ಇಬ್ಬರಿಗೂ ಇದ್ದರೆ ಮಕ್ಕಳಲ್ಲಿ ಶೇ. 60ರಷ್ಟು ಜನರಿಗೆ ಬರಬಹುದಂತೆ. ನಿದ್ದೆಗೇಡು, ಜ್ವರ, ಕೆಲವು ಮಾತ್ರೆಗಳು ಇದನ್ನು ಕೆರಳಿಸುತ್ತವೆ.

ಇನ್ನೊಂದು ಕಾಯಿಲೆ ಇದೆ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೆ ಆರ್‌ಬಿಡಿ (ರೆಮ್ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್) ಎನ್ನುತ್ತಾರೆ. ಕನಸು ಬೀಳುವ ನಿದ್ದೆಯಲ್ಲಿ ಮೈಯ ಸ್ನಾಯುಗಳು ಸಡಿಲ ಬಿದ್ದಿರಬೇಕು. ಕನಸಿನಲ್ಲಿ ಓಡಿದರೂ ನಮ್ಮ ಕಾಲು ಅಲ್ಲಾಡದೆ ಇರುವುದು ಅದಕ್ಕೇ. ಆರ್‌ಬಿಡಿ ಇದ್ದವರಲ್ಲಿ ಈ ತಡೆ ಕೆಲಸ ಮಾಡುವುದಿಲ್ಲ. ಕನಸಿನಲ್ಲಿ ಗುದ್ದಿದರೆ ಹಾಸಿಗೆಯಲ್ಲೂ ಗುದ್ದುತ್ತಾರೆ. ಕನಸಿನ ನಿದ್ದೆ ಬೆಳಗಿನ ಜಾವಕ್ಕೆ ಉದ್ದ ಆಗುವುದರಿಂದ ಇದು ನಡೆಯುವುದು ಹೆಚ್ಚಾಗಿ ರಾತ್ರಿಯ ಕೊನೆಯ ಭಾಗದಲ್ಲಿ. ಕಣ್ಣು ಮುಚ್ಚಿರುತ್ತದೆ. ಎಬ್ಬಿಸಿದರೆ ತಟ್ಟನೆ ಎದ್ದು, ಬಿದ್ದ ಕನಸನ್ನು ಹೇಳಿಬಿಡುತ್ತಾರೆ. ಅಮೆರಿಕದ ಮಿನೆಸೋಟಾದ ವೈದ್ಯರು ಇದನ್ನು ಬೇರೆಯದೇ ಕಾಯಿಲೆ ಎಂದು ವಿವರಿಸಿದ್ದು 1986ರಲ್ಲಿ. ಐವತ್ತು ದಾಟಿದ ಗಂಡಸರಲ್ಲಿ ಹೆಚ್ಚು.

ನನ್ನ ಹಿರಿಯ ಮಗನಿಗೆ ವಯಸ್ಸು 30. ಬಾವಿಯಲ್ಲಿ ಸದ್ದಾಗಿದ್ದು ನಾಲ್ಕೂವರೆಗೆ. ಪೊಲೀಸರ ಮುಂದೆ ಅವನು ಒಂದು ಕನಸನ್ನು ಎಳೆ ಎಳೆಯಾಗಿ ಹೇಳುತ್ತಾನೆ. ಅಂದರೆ ಮೂರು ತಲೆಮಾರಿನ ಕಾಯಿಲೆ ಈ ಸಾವಿಗೆ ಹೊಂದುವುದೇ ಇಲ್ಲ ಅಲ್ವಾ? ಆ ಕನಸು ಅವನ ತಲೆಗೆ ಎಲ್ಲಿಂದ ಬಂತು ಅನ್ನುವುದೇ ಕಾದಂಬರಿ. ಇದಕ್ಕಿಂತ ಮುಂದೆ ಹೇಳಿದರೆ ನನ್ನ ಪುಸ್ತಕ ನಾನೇ ಕೆಡಿಸಿದಂತೆ.

ಓದಿ ತಿಳಿದದ್ದು ಸಾಲದು, ನಿದ್ದೆ ಪರೀಕ್ಷೆಯ ಕೋಣೆ ಕಣ್ಣಾರೆ ನೋಡಬೇಕು ಅನ್ನಿಸಿತು. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೇಳಿದೆ. ಬರಹಗಾರ್ತಿ ಎಂದರೆ ಯಾರೂ ರಾತ್ರಿ ಒಳಗೆ ಬಿಡುವುದಿಲ್ಲ. ರೋಗಿ, ರೋಗಿಯ ಜೊತೆಗೊಬ್ಬರು, ಅಷ್ಟೇ. ಆಗ ನನ್ನ ಕಣ್ಣು ಯಜಮಾನರ ಮೇಲೆ ಬಿತ್ತು. ಅವರ ಗೊರಕೆಯ ಬಗ್ಗೆ ವರ್ಷಗಳಿಂದ ಜಗಳ ಇತ್ತು. ಪರೀಕ್ಷೆ ಮಾಡಿಸೋಣ ಎಂದೆ. ನಿನ್ನ ಕಾದಂಬರಿಗೆ ನಾನು ಬಲಿಪಶು ಎಂದು ಗೊಣಗುತ್ತಲೇ ಬಂದರು.

ಹೋಗುವವರು ಇಷ್ಟು ತಿಳಿದಿರಿ. ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಬೇಡಿ. ಎಣ್ಣೆ ಇದ್ದರೆ ನೆತ್ತಿಗೆ ಅಂಟಿಸುವ ತಂತಿಗಳು ನಿಲ್ಲುವುದಿಲ್ಲ. ಆ ದಿನ ಮಧ್ಯಾಹ್ನ ಮಲಗುವಂತಿಲ್ಲ, ಮಧ್ಯಾಹ್ನದ ಮೇಲೆ ಚಹಾ ಕಾಫಿ ಬೇಡ. ದಿನಾ ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ಜೊತೆಗಿರಲಿ. ಒಂದು ರಾತ್ರಿಗೆ ನಮಗೆ ಸುಮಾರು 12,000 ರೂಪಾಯಿ ಆಯಿತು. ವಿಮೆಯವರು ಕೊಡಲಿಲ್ಲ. ಹಗಲಲ್ಲಿ ಹೋಗಿ ಮೊದಲೇ ಕೇಳಿಕೊಳ್ಳಿ.

ತಂತಿ ಅಂಟಿಸಲು ಬಹಳ ಹೊತ್ತು ಹಿಡಿಯಿತು. ಮಿದುಳಿನ ಅಲೆಗೆ ನೆತ್ತಿಯ ಮೇಲೆ, ಕಣ್ಣಿನ ಚಲನೆಗೆ ಕಣ್ಣಿನ ಪಕ್ಕ, ಸ್ನಾಯು ನೋಡಲು ಗದ್ದಕ್ಕೂ ಕಾಲಿಗೂ. ಎದೆ ಹೊಟ್ಟೆಗೆ ಪಟ್ಟಿ, ಮೂಗಿನ ಕೆಳಗೆ ಉಸಿರಿನ ನಳಿಕೆ, ಬೆರಳಿಗೆ ಆಮ್ಲಜನಕದ ಕ್ಲಿಪ್. ಯಜಮಾನರು ಥೇಟ್ ದೀಪಾವಳಿಯ ಸರಪಟಾಕಿಯಂತೆ ಕಾಣುತ್ತಿದ್ದರು. ಕತ್ತಲಲ್ಲೂ ಕಾಣುವ ಕ್ಯಾಮೆರಾ ಮೇಲೆ ಇರುತ್ತದೆ. ಹೀಗೆ ಕಟ್ಟಿಹಾಕಿದರೆ ಯಾರಿಗೆ ನಿದ್ದೆ ಬರುತ್ತದೆ ಅಂದುಕೊಂಡಿದ್ದೆ. ಅವರು ಗೊರಕೆ ಶುರು ಮಾಡಿಯೇಬಿಟ್ಟರು. ನಿದ್ದೆ ಬರದೆ ಕೂತದ್ದು ನಾನು.

ಟೆಕ್ನಿಷಿಯನ್ ಹುಡುಗಿ ಒಳ್ಳೆಯವಳು. ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟಳು. ಇಡೀ ರಾತ್ರಿಯನ್ನು 30 ಸೆಕೆಂಡುಗಳ ತುಂಡು ಮಾಡಿ, ಒಂದೊಂದು ತುಂಡಿಗೂ ಇದು ಯಾವ ನಿದ್ದೆ ಎಂದು ಗುರುತು ಹಾಕುತ್ತಾರೆ. ಕನಸಿನ ನಿದ್ದೆ ಬಂದಾಗ ಪರದೆಯ ಮೇಲೆ ಗದ್ದದ ಸ್ನಾಯುವಿನ ಗೆರೆ ಸಪಾಟಾಗಿ ಮಲಗಿಬಿಡುತ್ತದೆ. ಆರ್‌ಬಿಡಿ ಇದ್ದವರಲ್ಲಿ ಅದು ಮಲಗುವುದಿಲ್ಲ, ಕುಣಿಯುತ್ತಲೇ ಇರುತ್ತದೆ. ಇದು ಕೇಳಿದ ಕೂಡಲೇ ನನ್ನ ಹದಿನಾರನೇ ಅಧ್ಯಾಯ ಕಣ್ಣ ಮುಂದೆ ಬಂತು. ಸುಳ್ಳು ಹೇಳುವವನು ಬಾಯಿ ಕಟ್ಟಿಕೊಳ್ಳಬಹುದು, ನಿದ್ದೆಯಲ್ಲಿ ಗದ್ದದ ಗೆರೆ ಹೇಗೆ ಕಟ್ಟುತ್ತಾನೆ?

ಇತ್ತ ಯಜಮಾನರ ವರದಿಯಲ್ಲಿ ಗಂಟೆಗೆ ಉಸಿರು ನಿಲ್ಲುವ, ಕುಗ್ಗುವ ಲೆಕ್ಕ ಮಧ್ಯಮ ಹಂತದಲ್ಲಿ ಬಂತು. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ತೂಕ ಇಳಿಸಿ, ಮಗ್ಗುಲಾಗಿ ಮಲಗಿ, ಮಲಗಿದಾಗ ಒತ್ತಡದಲ್ಲಿ ಗಾಳಿ ಕೊಡುವ ಸಿ-ಪ್ಯಾಪ್ ಯಂತ್ರ ಹಾಕಿಕೊಳ್ಳಿ ಎಂದರು. ಕಾದಂಬರಿಗೆ ಹೋದದ್ದು, ಮನೆಗೆ ಒಂದು ಯಂತ್ರ ಬಂತು. ಗೊರಕೆಯ ಜಗಳ ಮುಗಿದಿದೆ, ಯಂತ್ರದ ಸದ್ದಿನ ಜಗಳ ಶುರುವಾಗಿದೆ.

ಕಾನೂನಿಗಾಗಿ ಧಾರವಾಡ ಕೋರ್ಟಿನ ವಕೀಲ ಗೆಳತಿ ಇದ್ದಳು. ಅವಳು ಮೊದಲು ಹೇಳಿದ್ದು ಇಸವಿಯ ಮಾತು. ಘಟನೆ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಐಪಿಸಿ. ಆಮೇಲಿನದಾದರೆ ಭಾರತೀಯ ನ್ಯಾಯ ಸಂಹಿತೆ. ಬುದ್ಧಿ ಸ್ವಾಧೀನದಲ್ಲಿ ಇಲ್ಲದವನ ಕೃತ್ಯದ ಬಗ್ಗೆ ಐಪಿಸಿಯಲ್ಲಿ 84ನೇ ಕಲಂ ಇತ್ತು, ಹೊಸದರಲ್ಲಿ ಅದು 22. ಬಾವಿಯಲ್ಲಿ ಹೆಣ ಸಿಕ್ಕರೆ ಪೊಲೀಸರು ಸಾಮಾನ್ಯವಾಗಿ ಮೊದಲು ಯುಡಿಆರ್ ದಾಖಲಿಸುತ್ತಾರೆ, ಅಂದರೆ ಅಸ್ವಾಭಾವಿಕ ಸಾವಿನ ವರದಿ. ಆಗ ಅದು ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 174ನೇ ಕಲಂ, ಈಗ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 194. ಇಂಥ ಸಣ್ಣ ಸಂಗತಿ ತಪ್ಪಿದರೆ ಪತ್ತೇದಾರಿ ಓದುವವರು ಬಿಡುವುದಿಲ್ಲ. ಕೆನಡಾದ ಒಂದು ಪ್ರಕರಣವನ್ನೂ ಅವಳೇ ಹೇಳಿದಳು. 1987ರಲ್ಲಿ ಒಬ್ಬ 23 ಕಿ.ಮೀ. ಕಾರು ಓಡಿಸಿಕೊಂಡು ಹೋಗಿ ಅತ್ತೆಯನ್ನು ಕೊಂದ. ನಿದ್ದೆಯಲ್ಲೇ ಇದ್ದ ಎಂದು ಖುಲಾಸೆಯಾದ. 1992ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಇದನ್ನು ನನ್ನ ಕಥೆಯ ವಕೀಲನ ಬಾಯಲ್ಲಿ ಇಟ್ಟಿದ್ದೇನೆ.

ಔಷಧಿ ಅಂಗಡಿಯವರು ಕೊಟ್ಟದ್ದು ಇದಕ್ಕಿಂತ ದೊಡ್ಡದು. ಝೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆ ಕೆಲವರನ್ನು ನಿದ್ದೆಯಲ್ಲೇ ನಡೆಸುತ್ತದೆ, ಅಡುಗೆ ಮಾಡಿಸುತ್ತದೆ, ಗಾಡಿ ಓಡಿಸುತ್ತದೆ. 2019ರಲ್ಲಿ ಅಮೆರಿಕದ ಔಷಧ ಇಲಾಖೆ ಇದಕ್ಕೆ ತನ್ನ ಅತಿ ಕಠಿಣ ಎಚ್ಚರಿಕೆಯ ಚೌಕಟ್ಟು ಹಾಕಿಸಿತು. ನಮ್ಮಲ್ಲಿ ಇದು ಎಚ್‌1 ಪಟ್ಟಿಯಲ್ಲಿದೆ. ಅಂದರೆ ಕೊಡುವಾಗ ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ರೋಗಿಯ ಹೆಸರು, ಬರೆದ ವೈದ್ಯರ ಹೆಸರು, ಎಷ್ಟು ಮಾತ್ರೆ ಎಂದು ಬರೆದು, ಆ ಪುಸ್ತಕವನ್ನು ಮೂರು ವರ್ಷ ಇಡಬೇಕು. ಪತ್ತೇದಾರಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕಾ?

ಇಷ್ಟೆಲ್ಲ ಸಲೀಸಾಗಿ ಆಯಿತು. ನಿಜವಾದ ಕಷ್ಟ ಬಂದದ್ದು ಊರಿಂದ.

ಕರಡು ಮುಗಿದ ಮೇಲೆ ಒಂದು ಪ್ರತಿಯನ್ನು ಕಾಕಾಗೆ ಓದಲು ಕೊಟ್ಟೆ. ಕೆಲವು ದಿನ ಸುದ್ದಿ ಇಲ್ಲ. ಆಮೇಲೆ ಕಾಕು ಫೋನ್ ಮಾಡಿದರು. "ಮನಿಯಾಗ ಹುಡುಗಿ ಲಗ್ನಕ್ಕ ಬಂದಾಳವಾ. ನೀ ಹಿಂಗ ಬರದ್ರ ಆ ಮನಿತನಕ್ಕ ರೋಗ ಐತಿ ಅಂತ ಬೀಗರು ಅಂತಾರ." ನಾನು ಇದು ಕಟ್ಟಿದ ಕಥೆ, ಊರೂ ನಮ್ಮದಲ್ಲ, ಹೆಸರೂ ನಮ್ಮದಲ್ಲ ಎಂದೆ. "ಕೊಟ್ಟಿಗಿ, ಎತ್ತು, ಕಣ್ಣಿ ಎಲ್ಲಾ ನಮ್ದ ಐತೆಲ್ಲ" ಅಂದರು. ನಗುತ್ತಾ ಕೇಳಿದ ಕಥೆಗೆ ಹೀಗೊಂದು ಬೆಲೆ ಇದೆ ಅಂತ ಅವತ್ತು ತಿಳಿಯಿತು. ಸಿಟ್ಟೂ ಬಂತು. ತಾಯತ ಕಟ್ಟಿಸಿದಾಗ ಇಲ್ಲದ ನಾಚಿಕೆ ಕಾಯಿಲೆಗೆ ಹೆಸರು ಸಿಕ್ಕಾಗ ಯಾಕೆ? ಆದರೆ ಆ ಹುಡುಗಿಯ ಮುಖ ನೆನಪಾದರೆ ಸಿಟ್ಟು ಉಳಿಯುತ್ತಿರಲಿಲ್ಲ.

ಕೊನೆಗೆ ಊರಿಗೆ ಹೋಗಿ ಕೂತೆ. ಎಲ್ಲರ ಎದುರು ಅಂಥ ಪುಟಗಳನ್ನು ಓದಿದೆ. ಎತ್ತು ಹೋಯಿತು, ಕೊಟ್ಟಿಗೆ ಹೋಗಿ ಮಗ್ಗದ ಕೋಣೆ ಬಂತು. ಅಜ್ಜ ಕಣ್ಣಿ ಬಿಚ್ಚುತ್ತಿದ್ದರೆ, ನನ್ನ ಕಥೆಯ ಅಜ್ಜ ರಾತ್ರಿ ಎದ್ದು ಮಗ್ಗದ ಎಳೆ ಕತ್ತರಿಸುತ್ತಾನೆ. ಕಾದಂಬರಿಗೆ ಇದೇ ಚೆಂದ ಹೊಂದಿತು ಅನ್ನುವುದು ಬೇರೆ ಮಾತು. ಕಾಕಾ ಪೂರ್ತಿ ಒಪ್ಪಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಮ್ಮ ಕಡೆ ಅದೇ ಒಪ್ಪಿಗೆ.

ಆಮೇಲೆ ಅಡ್ಡಹೆಸರಿನ ಪೀಕಲಾಟ. ನಮ್ಮ ಭಾಗದಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಂಗಡಿ, ಹೀಗೆ ಲೋಕದ ಎಲ್ಲ ವಸ್ತುವೂ ಯಾರದೋ ಮನೆತನದ ಹೆಸರಾಗಿದೆ. ನಾನು ಯಾವ ಹೆಸರು ಇಟ್ಟರೂ, ಬೆಟಗೇರಿಯಲ್ಲಿ ಆ ಹೆಸರಿನವರು ಇದ್ದಾರೆ ಎಂದು ಯಾರೋ ಒಬ್ಬರು ಹೇಳುತ್ತಿದ್ದರು. ಕೊನೆಗೆ ಅಡ್ಡಹೆಸರೇ ಇಲ್ಲದೆ, ಇಡೀ ಪುಸ್ತಕದಲ್ಲಿ 'ಬಾವಿ ಮನಿಯವರು' ಎಂದೇ ಕರೆದೆ. ಓಣಿಯ ಜನ ಹಾಗೇ ಕರೆಯುತ್ತಾರಲ್ಲ. ಕಾಲ್ಪನಿಕ ಎನ್ನುವ ಸಾಲನ್ನು ಮುನ್ನುಡಿಗಿಂತ ಮೊದಲೇ, ದೊಡ್ಡ ಅಕ್ಷರದಲ್ಲಿ ಹಾಕಿಸಿದೆ.

ಪ್ರಕಾಶಕರ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಕೆಲವರು ಉತ್ತರವನ್ನೇ ಕೊಡಲಿಲ್ಲ. ಒಬ್ಬರು ತಿಂಗಳುಗಟ್ಟಲೆ ಇಟ್ಟುಕೊಂಡು, ಪತ್ತೇದಾರಿಗೆ ಈಗ ಓದುಗರಿಲ್ಲ ಎಂದರು. ಇನ್ನೊಬ್ಬರು ಇನ್ನೂರು ಪ್ರತಿ ನೀವೇ ಕೊಳ್ಳುವುದಾದರೆ ಆಗಲಿ ಎಂದರು. ಇನ್ನೂರು ಪ್ರತಿಗೆ ನಾನೇ ದುಡ್ಡು ಕೊಡುವುದಾದರೆ ಪುಸ್ತಕವೂ ನನ್ನದೇ ಇರಲಿ ಎಂದು ಸ್ವಂತ ಪ್ರಕಟಣೆಗೆ ಇಳಿದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ನನ್ನ ವಯಸ್ಸು ದಾಟಿತ್ತು. ನಿಮ್ಮದು ದಾಟಿರದಿದ್ದರೆ ಅರ್ಜಿ ಕರೆಯುವುದನ್ನು ಗಮನಿಸುತ್ತಿರಿ.

ಅಕ್ಷರದ ವಿಷಯ ಮಾತ್ರ ಬಿಡಿಸಿ ಹೇಳಬೇಕು. ಮೊಬೈಲಿನಲ್ಲಿ ಬರೆದದ್ದು ಯುನಿಕೋಡ್. ಪುಟ ಕಟ್ಟುವವರಿಗೆ ಬೇಕಾಗಿದ್ದು ನುಡಿ ತಂತ್ರಾಂಶದ ಹಳೆಯ ಆಸ್ಕಿ, ಅಂದರೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಗುರುತಿಸುವ ಇನ್ನೊಂದು ಪದ್ಧತಿ. ಪರಿವರ್ತನೆ ಮಾಡಿದಾಗ ಹೊರಗಿನ ಪದಗಳೆಲ್ಲ ಹಾಳು. 'ಸ್ಲೀಪ್‌ಲ್ಯಾಬ್' ಹೋಗಿ 'ಸ್ಲೀಪ್ಲ್ಯಾಬ್' ಆಯಿತು, ಆರ್‌ಬಿಡಿ ಇದ್ದಲ್ಲೆಲ್ಲ ಅರ್ಕಾವತ್ತು ಕುಣಿಯಿತು. ನನ್ನ ಕಾದಂಬರಿಯಲ್ಲಿ ಆ ಪದ ಎಷ್ಟು ಸಲ ಬರುತ್ತದೆ ಅಂತ ನಿಮಗೆ ಈಗಾಗಲೇ ಅಂದಾಜಿರಬೇಕು. ಯುನಿಕೋಡಿನಲ್ಲೇ ಪುಟ ಕಟ್ಟುವವರು ಈಗ ಇದ್ದಾರೆ, ಮೊದಲು ಅವರನ್ನೇ ಹುಡುಕಿ. ಸಿಗದಿದ್ದರೆ ಪರಿವರ್ತನೆ ಆದ ಮೇಲೆ ಇನ್ನೊಮ್ಮೆ ಪೂರ್ತಿ ಕರಡು ತಿದ್ದಿಸಿ. ಪುಟ ಕಟ್ಟಲು ಪುಟಕ್ಕೆ 30 ರೂಪಾಯಿ, ಕರಡು ತಿದ್ದಲು 15 ಕೊಟ್ಟೆ. ತಿದ್ದುವವರು ನಿವೃತ್ತ ಕನ್ನಡ ಮೇಷ್ಟ್ರು. ಕಾಗುಣಿತದ ಜೊತೆಗೆ ಕೊಲೆಗಾರನ ಬಗ್ಗೆಯೂ ಅಂಚಿನಲ್ಲಿ ಬರೆದಿದ್ದರು: "ಇವನ ಮೇಲೆ ನನಗೆ ಮೊದಲೇ ಸಂಶಯ". ಅವನು ಕೊಲೆಗಾರ ಅಲ್ಲ. ಓದಿ ಖುಷಿಯಾಯಿತು.

ಐಎಸ್‌ಬಿಎನ್ ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗೆ ಬರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಲೇಖಕರೇ ಸ್ವಂತವಾಗಿ ಹಾಕಬಹುದು. ಗುರುತಿನ ದಾಖಲೆ, ಪುಸ್ತಕದ ಶೀರ್ಷಿಕೆ ಪುಟ, ಮುಖಪುಟ ತಯಾರಿರಲಿ. ದಾಖಲೆಯಲ್ಲಿರುವ ಹೆಸರೂ ಅರ್ಜಿಯ ಹೆಸರೂ ಒಂದೇ ಇರಬೇಕು. ನನ್ನ ಒಂದು ಕಾರ್ಡಿನಲ್ಲಿ ತವರಿನ ಅಡ್ಡಹೆಸರು, ಇನ್ನೊಂದರಲ್ಲಿ ಗಂಡನ ಮನೆಯದು. ಮತ್ತೆ ಅಡ್ಡಹೆಸರಿನ ಕಾಟ! ಇದಕ್ಕೇ ತಡವಾಯಿತು. ಸಂಖ್ಯೆ ಬರುವ ತನಕ ಮುಖಪುಟ ಅಂತಿಮ ಆಗುವುದಿಲ್ಲ, ಹಾಗಾಗಿ ಈ ಅರ್ಜಿ ಮೊದಲು ಹಾಕಿ. ಇ-ಪುಸ್ತಕ ಮಾಡಿದರೆ ಅದಕ್ಕೆ ಬೇರೆ ಸಂಖ್ಯೆ.

ಹಕ್ಕುಸ್ವಾಮ್ಯ ಬರೆದ ಕ್ಷಣದಿಂದಲೇ ನಿಮ್ಮದು, ನಿಮ್ಮ ನಂತರವೂ 60 ವರ್ಷ ಇರುತ್ತದೆ. ನೋಂದಣಿ ಕಡ್ಡಾಯ ಅಲ್ಲ. ಬೇಕೆಂದರೆ ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಅರ್ಜಿ ಹಾಕಿದ ಮೇಲೆ ಆಕ್ಷೇಪಣೆಗೆ 30 ದಿನ ಕಾಯಬೇಕು. ನಾನು ಮಾಡಿಸಿದೆ, ಮನಸ್ಸಿನ ಸಮಾಧಾನಕ್ಕೆ.

ಅಚ್ಚು ಗದಗಿನಲ್ಲಿ. ಮುದ್ರಣ ಕಾಶಿ ಎಂದು ಹೆಸರಾದ ಊರು ಹತ್ತಿರದಲ್ಲೇ ಇರುವಾಗ ಬೆಂಗಳೂರಿಗೆ ಯಾಕೆ ಹೋಗಲಿ? ಕಥೆ ನಡೆಯುವುದೂ ಅಲ್ಲೇ. ಪುಸ್ತಕ ಡೆಮಿ ಅಷ್ಟಮ ಆಕಾರ, ಒಂದು ಫಾರ್ಮಿಗೆ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) 16 ಪುಟ. ನನ್ನದು 211 ಪುಟ ಇತ್ತು. ಪ್ರೆಸ್ಸಿನವರು ನೋಡಿ, "ಅಕ್ಕಾರ, ಮೂರು ಪುಟ ಕಡಿಮಿ ಮಾಡ್ರಿ, 13 ಫಾರ್ಮಿನಾಗ ಕುಂದರ್ತೈತಿ" ಅಂದರು. ಮೂರು ಪುಟ ಕತ್ತರಿಸಿ 208ಕ್ಕೆ ತಂದೆ. ಅದರಲ್ಲಿ ಒಂದು ಪುಟ ನನಗೆ ಬಹಳ ಇಷ್ಟದ್ದು, ಮಳೆಯ ವರ್ಣನೆ. ಈಗ ಓದಿದರೆ ಅದು ಇಲ್ಲದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದ, 500 ಪ್ರತಿ, ಒಂದಕ್ಕೆ 90 ರೂಪಾಯಿ ಆಸುಪಾಸು. ಆಫ್‌ಸೆಟ್ಟಿನಲ್ಲಿ ಪ್ಲೇಟಿನ ಖರ್ಚು ಮೊದಲೇ ಬೀಳುವುದರಿಂದ ಪ್ರತಿ ಕಡಿಮೆಯಾದಷ್ಟೂ ದರ ಏರುತ್ತದೆ. ನೂರಿನ್ನೂರು ಪ್ರತಿ ಸಾಕು ಎನ್ನುವವರು ಡಿಜಿಟಲ್ ಮುದ್ರಣ ಕೇಳಿ. ಪುಸ್ತಕ ಮಾರುವಾಗ ಜಿಎಸ್‌ಟಿ ಇಲ್ಲ. ಮುದ್ರಣದ ಬಿಲ್ಲಿಗೆ ಇದೆ, ಹಾಗಾಗಿ ದರ ಕೇಳುವಾಗಲೇ ತೆರಿಗೆ ಸೇರಿಸಿ ಹೇಳಿ ಎನ್ನಿ.

ಅಚ್ಚಾದ ಮೇಲೆ ಮಾಡುವ ಕೆಲಸ ಒಂದಿದೆ, ಬಹಳ ಜನ ಮರೆಯುತ್ತಾರೆ. 1954ರ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬೈ, ದೆಹಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ನಮ್ಮ ಖರ್ಚಿನಲ್ಲೇ ಕಳಿಸಬೇಕು. ಸ್ವಂತ ಪ್ರಕಟಣೆ ಎಂದರೆ ಪ್ರಕಾಶಕರು ನಾವೇ, ಜವಾಬ್ದಾರಿಯೂ ನಮ್ಮದೇ. ರಾಜ್ಯದ ಗ್ರಂಥಾಲಯ ಖರೀದಿಗೆ ಬೇರೆ ಅರ್ಜಿ. ಅದನ್ನು ಹಾಕಿ ಕೂತಿದ್ದೇನೆ.

ಅಂಗಡಿಯವರು ಬೆಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಮಿಷನ್ ಕೇಳುತ್ತಾರೆ, ದುಡ್ಡು ಮಾರಿದ ಮೇಲೆ. ಕೊಟ್ಟ ಪ್ರತಿಗೆ ರಸೀದಿ ಬರೆಸಿಕೊಳ್ಳಿ. ಕಾದಂಬರಿ ಪಿತಾಮಹ ಎನಿಸಿದ ಗಳಗನಾಥರು ನಮ್ಮ ಹಾವೇರಿ ಸೀಮೆಯವರೇ, ತಮ್ಮ ಪುಸ್ತಕ ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ನಾನು ಬ್ಯಾಗಿನಲ್ಲಿ ಹಾಕಿಕೊಂಡು ಚಿಗರಿ ಹತ್ತುತ್ತೇನೆ, ಅಷ್ಟೇ ವ್ಯತ್ಯಾಸ.

ಒಂದು ಸಂಗತಿ ಮಾತ್ರ ನಿರೀಕ್ಷಿಸಿರಲಿಲ್ಲ. ಪುಸ್ತಕದ ಹಿಂದೆ ನನ್ನ ನಂಬರ್ ಇದೆ. ಕಥೆ ಚೆನ್ನಾಗಿದೆ ಎನ್ನಲು ಫೋನ್ ಮಾಡುವವರು ಕಡಿಮೆ. ನಮ್ಮ ಮಗ ಹೀಗೇ ಎದ್ದು ನಡೆಯುತ್ತಾನೆ, ನಮ್ಮ ಮಾವ ಬೆಳಗಿನ ಜಾವ ಗೋಡೆಗೆ ಗುದ್ದುತ್ತಾರೆ ಎನ್ನುವವರೇ ಜಾಸ್ತಿ. ನಾನು ಡಾಕ್ಟರ್ ಅಲ್ಲ. ನನಗೆ ಡಾಕ್ಟರ್ ಹೇಳಿದ್ದನ್ನೇ ಅವರಿಗೆ ಹೇಳುತ್ತೇನೆ. ನಡೆಯುವವರನ್ನು ಅಲ್ಲಾಡಿಸಿ ಎಬ್ಬಿಸಬೇಡಿ, ಗಾಬರಿಯಾಗುತ್ತಾರೆ. ಮೆಲ್ಲಗೆ ಹಿಡಿದು ಹಾಸಿಗೆಗೆ ಕರೆತನ್ನಿ. ಮಹಡಿ ಮೇಲೆ ಮಲಗಿಸಬೇಡಿ, ಬಾಗಿಲಿಗೆ ಕೈಗೆಟುಕದ ಅಗಳಿ ಹಾಕಿ, ಕತ್ತಿ ಕುಡುಗೋಲು ಎತ್ತಿಡಿ. ಎಷ್ಟು ಗಂಟೆಗೆ ಎದ್ದರು, ಕಣ್ಣು ತೆರೆದಿತ್ತಾ, ಬೆಳಿಗ್ಗೆ ನೆನಪಿತ್ತಾ ಎಂದು ಬರೆದಿಡಿ. ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ. ಐವತ್ತು ದಾಟಿದವರು ಕನಸಿನಲ್ಲಿ ಕೈಕಾಲು ಬೀಸುತ್ತಿದ್ದರೆ ತಡ ಮಾಡದೆ ನರರೋಗ ತಜ್ಞರಿಗೆ ತೋರಿಸಿ, ಕೆಲವರಲ್ಲಿ ಅದು ಪಾರ್ಕಿನ್ಸನ್ ಕಾಯಿಲೆಗೆ ವರ್ಷಗಳ ಮುಂಚೆಯೇ ಕಾಣಿಸಿಕೊಳ್ಳುತ್ತದೆ. ಹೋಗುವಾಗ ಆ ವಿಡಿಯೋ ಒಯ್ಯಿರಿ.